ಒಂದೇ ಕೈ

ಬೆಳಿಗ್ಗೆ ನಾನು ಗವರ್ನರರ ನಕಲುಗಾರ,
ಮಧ್ಯಾಹ್ನ ಮೂರರ ಮೇಲೆ ಸಭೆಯವರ ನಕಲುಗಾರ.
ಬರ್ಮುಡಾದಷ್ಟು ಸಣ್ಣ ದ್ವೀಪದಲ್ಲಿ
ಓದಲಾಗುವಂತೆ ಬರೆಯುವ ಕೈ ಎಷ್ಟಿರುತ್ತವೆ, ಹೇಳಿ.
ಒಂದೇ ಬೈಬಲ್ಲಿನ ಮೇಲೆ ಎರಡು ಸಲ ಆಣೆಯಿಟ್ಟೆ.
ಎರಡೂ ಕಡೆ ಸಂಬಳ ಬಾಕಿ.

ಜಗಳ ಹುಟ್ಟಿದ್ದು ಹೆಂಡದಂಗಡಿಯಲ್ಲಿ.
ಲಂಡನ್ನಿನಿಂದ ಬಂದ ಕಪ್ತಾನ
ಮೂರನೆಯ ಲೋಟಕ್ಕೆ ಬಾಯಿಬಿಟ್ಟ:
'ನಿಮ್ಮ ಗವರ್ನರು ಬರೆದಿದ್ದಾರಂತಲ್ಲ,
ನೀವೆಲ್ಲ ಒಡೆದ ಹಡಗು ದೋಚುವವರು,
ಕೋಟೆ ಕುಸಿದರೂ ಕಾಸು ಬಿಚ್ಚದವರು ಅಂತ.'

ಮರುದಿನ ಸೀಡರ್ ಮೇಜಿನ ಸುತ್ತ ಹದಿನಾರು ಮಂದಿ.
ಸ್ಪೀಕರ್ ಪೆನಿಸ್ಟನ್ ಎದ್ದು ನಿಂತರು.
(ಅವರಜ್ಜ ದೋಚಿದ ಹಡಗಿನ ಗಡಿಯಾರ
ಅವರ ಬೆನ್ನ ಹಿಂದೆಯೇ ಟಿಕ್ ಟಿಕ್ ಅನ್ನುತ್ತಿತ್ತು.)
'ನಮ್ಮ ಬಗ್ಗೆ ಬರೆದದ್ದು ನಮಗೆ ಕಾಣಬೇಕು.
ಹೋದ ಕಾಗದ, ಬಂದ ಕಾಗದ,
ಎಲ್ಲದರ ನಕಲೂ ಈ ಮೇಜಿಗೆ ಬರಬೇಕು.'
ಠರಾವು ನಾನೇ ಬರೆದೆ.
ಬೆಳಗಾದ ಮೇಲೆ ಗವರ್ನರರ ಮುಂದೆ ನಾನೇ ಓದಿದೆ.

ಸರ್ ಆಂಬ್ರೋಸ್ ವಿಗನ್ ಮೊಟ್ಟೆಯ ತಲೆ ಒಡೆಯುತ್ತ ಕೇಳಿಸಿಕೊಂಡರು.
'ಬರೆದುಕೊ. ಕಾಗದ ನನ್ನದಲ್ಲ, ದೊರೆಯದು.
ದೊರೆಗೆ ಹೇಳಿದ್ದು ಊರಿಗೆ ಹೇಳಿದ್ದಲ್ಲ.'
ಬರೆದುಕೊಂಡೆ. ಸಂಜೆ ಸಭೆಯಲ್ಲಿ ಅದನ್ನೂ ಓದಿದೆ.
ಒಂದೇ ಗಂಟಲಲ್ಲಿ ಇಬ್ಬರ ಕೋಪ,
ರಾತ್ರಿ ಗಂಜಿ ಇಳಿಯಲಿಲ್ಲ.

ಸಭೆ ಸುಮ್ಮನಿದ್ದೀತೆ?
ಗವರ್ನರರ ಸೂರಿಗೆ ಸುಣ್ಣ ಬಳಿಯುವ ಹಣ ತಡೆಯಿತು.
ಇಲ್ಲಿ ನದಿಯಿಲ್ಲ, ಬಾವಿಗೆ ಉಪ್ಪು;
ಸೂರಿಗೆ ಬಿದ್ದ ಮಳೆಯೇ ತೊಟ್ಟಿಗಿಳಿದು ಕುಡಿಯುವ ನೀರು.
ಸುಣ್ಣ ಹೋದರೆ ಪಾಚಿ.
ಆಗಸ್ಟ್ ಹೊತ್ತಿಗೆ ಅವರ ಚಹಾ ಹಸಿರಾಗಿತ್ತು.
ಹಸಿರು ಚಹಾದ ಬಗ್ಗೆ ಲಂಡನ್ನಿಗೆ ಆರು ಪುಟ ಹೋಯಿತು.

ಒಂದು ರಾತ್ರಿ ತಿಮಿಂಗಿಲದೆಣ್ಣೆಯ ದೀಪದಲ್ಲಿ
ಅಗುಳಿ ಹಾಕಿ ಹೇಳಿಬರೆಸಿದರು:
'ಈ ದ್ವೀಪದಲ್ಲಿ ಹುಟ್ಟಿದವನು ಒಬ್ಬನೂ
ಗುಟ್ಟು ಉಳಿಸಿಕೊಳ್ಳಲಾರ.'
'ಒಬ್ಬನೂ' ಎಂಬುದಕ್ಕೆ ಅಡಿಗೆರೆ ಎಳೆ ಎಂದರು.
ಎಳೆದೆ. ಅಳತೆಕೋಲಿಟ್ಟು, ನೇರವಾಗಿ.
ನಾನು ಹುಟ್ಟಿದ್ದು ಎರಡು ಬೀದಿಯಾಚೆ,
ದೋಣಿ ಕಟ್ಟುವ ಬಾಸ್ಕಮ್‌ನ ಮೂರನೇ ಮಗ.
ಅವರಿಗದು ನೆನಪಿರಲಿಲ್ಲ.
ಮೇಜಿಗೆ ನಿನ್ನೂರು ಯಾವುದೆಂದು ಯಾರು ಕೇಳುತ್ತಾರೆ?

ಮರುವಾರ ಪೆನಿಸ್ಟನ್ನರ ಅಳಿಯ ಬಂದ,
ಒಂದು ಪೀಪಾಯಿ ಗೋಧಿಹಿಟ್ಟು ಹೊಸ್ತಿಲಲ್ಲಿಟ್ಟ.
'ಒಂದು ಪುಟ. ಬರೀ ಒಂದು ಪುಟ.'
ನನ್ನವಳು ಹಿಟ್ಟು ನೋಡಿದಳು, ನನ್ನನ್ನು ನೋಡಿದಳು.
ನಾನು ಹೇಳಲಿಲ್ಲ.
ನಿಷ್ಠೆಯೆಂದು ತಿಳಿಯಬೇಡಿ,
ಆ ಅಡಿಗೆರೆಯನ್ನು ಸುಳ್ಳು ಮಾಡುವ ಹಟ, ಅಷ್ಟೆ.
ಸುಳ್ಳು ಮಾಡಿದ್ದು ಯಾರಿಗೂ ತಿಳಿಯದಂತೆ
ಸುಳ್ಳು ಮಾಡಬೇಕಿತ್ತು.
(ಹಿಟ್ಟು ವಾಪಸು ಹೋಗಲಿಲ್ಲ. ಅದು ಬೇರೆ ಮಾತು.)

ಅಕ್ಟೋಬರಿನಲ್ಲಿ ಎರಡೂ ದೂರು ಒಂದೇ ಚೀಲದಲ್ಲಿ,
ಒಂದಕ್ಕೆ ಕೆಂಪು ಅರಗು, ಒಂದಕ್ಕೆ ಕಪ್ಪು,
ಒಳಗೆ ಅದೇ ಬಾಲ ತಿರುಚಿದ ಅಕ್ಷರ.
ಹಡಗಿಗೆ ಒಯ್ದವನು ಕ್ಯೂಫಿ, ಪೆನಿಸ್ಟನ್ನರು ಕೊಂಡ ಆಳು,
ಹವಳಬಂಡೆಗಳ ನಡುವೆ ಕಗ್ಗತ್ತಲಲ್ಲೂ
ಹಡಗು ದಾಟಿಸಬಲ್ಲವನು.
ದೂರುಗಳೆರಡರಲ್ಲೂ ಅವನಿದ್ದ, ಖರ್ಚಿನ ಪಟ್ಟಿಯಲ್ಲಿ:
ದೋಣಿ ಒಂದು, ಹುಟ್ಟು ನಾಲ್ಕು, ಕರಿಯಾಳು ಒಬ್ಬ.
ಆ ಸಾಲಿಗೆ ಮಾತ್ರ ಇಬ್ಬರದೂ ತಕರಾರಿರಲಿಲ್ಲ.
ನಾನೂ ಅದನ್ನು ಎರಡು ಸಲ ಬರೆದೆ, ಕೈ ನಡುಗದೆ.
'ಏನಿದೆ ಇದರಲ್ಲಿ?' ಚೀಲ ತೂಗಿ ನೋಡಿದ.
'ಜಗಳ.'
ಟರ್ಕ್ಸ್ ದ್ವೀಪದಲ್ಲಿ ಉಪ್ಪು ಬಾಚಿದ ಬೆನ್ನು ಅವನದು.
'ಉಪ್ಪಿಗಿಂತ ಹಗುರ' ಎಂದು ಹುಟ್ಟು ಹಾಕಿದ.

ಐದು ತಿಂಗಳ ಮೇಲೆ ಉತ್ತರ, ಅರ್ಧ ಪುಟ.
ಯಾರದು ಸರಿ, ಯಾರದು ತಪ್ಪು, ಸೊಲ್ಲಿಲ್ಲ.
'ಕಾಗದಗಳು ತಲುಪಿವೆ.
ಇನ್ನು ಮುಂದೆ ಕ್ರಮಸಂಖ್ಯೆ ಹಾಕತಕ್ಕದ್ದು.
ಎಡಕ್ಕೆ ಎರಡು ಬೆರಳಗಲ ಬಿಡತಕ್ಕದ್ದು.'
ಕೆಳಗೆ, ಯಾರೋ ಗುಮಾಸ್ತ, ಸೀಸದಕಡ್ಡಿಯಲ್ಲಿ:
'ಎರಡರ ಕೈಯೂ ಒಂದೇ. ಯಾರಿವನು?'

ಬೆಳಿಗ್ಗೆ ಒಂದು ನಕಲು ಮಾಡಿದೆ, ಸಂಜೆ ಒಂದು.
ಎಡಕ್ಕೆ ಎರಡು ಬೆರಳಗಲ ಬಿಟ್ಟೆ.
ಸೀಸದಕಡ್ಡಿಯ ಸಾಲನ್ನೂ ಬಿಟ್ಟೆ.